ನಾರ್ವೆ ಭಾಷೆ ಬಲ್ಲವರು ಬೇಕಾಗಿದ್ದಾರೆ

ಮಿಸ್ಟರ್ ಕ್ಲೈವ್ ಪಾಲಿಗೆ ಕಾನೂನು ಎಂದರೆ ಅವನ ಹೋಟೆಲಿನ ಅಂಗಳದಲ್ಲಿ ಓಡಾಡುವ ಉಡವಿದ್ದಂತೆ. ಇದೆ, ಕಣ್ಣಿಗೂ ಬೀಳುತ್ತದೆ, ಆದರೆ ಊಟದ ಮೇಜಿನ ಹತ್ತಿರ ಬರುವ ತನಕ ಅದರ ಗೊಡವೆ ಬೇಡ. ಆ ವರ್ಷ ಅದು ಮೇಜಿನ ಹತ್ತಿರವೇ ಬಂತು. ಅವನ ಅಕ್ಕನ ಮಗ ಜೂಲಿಯನ್‌ನ ಕೆಲಸದ ಪರವಾನಗಿ ಮುಗಿಯುತ್ತ ಬಂದಿತ್ತು.

ಕೇಮನ್ ಬ್ರ್ಯಾಕ್ ಅಂಥ ದೊಡ್ಡ ದ್ವೀಪವೇನಲ್ಲ. ಒಂದು ತುದಿಯಲ್ಲಿ ಯಾರಾದರೂ ಸೀನಿದರೆ ಇನ್ನೊಂದು ತುದಿಯಲ್ಲಿ ಕಷಾಯಕ್ಕೆ ನೀರಿಡುತ್ತಾರೆ. ಇಂಥ ಊರಿನಲ್ಲಿ ಹೊರಗಿನವನೊಬ್ಬ ಕೆಲಸದಲ್ಲಿ ಮುಂದುವರಿಯಬೇಕಾದರೆ ಆ ಕೆಲಸವನ್ನು ಮೊದಲು ಪತ್ರಿಕೆಯಲ್ಲಿ ಸಾರಬೇಕು. ಊರಿನವರಲ್ಲಿ ತಕ್ಕವರು ಬಂದರೆ ಕೆಲಸ ಅವರದು. ಬಂದವರನ್ನು ಬೇಡವೆಂದು ಕಳಿಸಿದರೆ, ಯಾಕೆ ಬೇಡ ಎಂದು ಒಬ್ಬೊಬ್ಬರಿಗೂ ಬರೆದು ಕೊಡಬೇಕು, ಅದರ ಪ್ರತಿಯನ್ನು ಪರವಾನಗಿ ಮಂಡಳಿಗೂ ಕಳಿಸಬೇಕು. ಇಷ್ಟೇ ಕಾನೂನು. ಹೋಟೆಲಿನ ಗುಮಾಸ್ತೆ ಆರ್ಡಿತ್ ಟೇಟಮ್ ಇದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಎಚ್ಚರವಾಗಿದ್ದಾಗ ಮಿಸ್ಟರ್ ಕ್ಲೈವ್‌ಗೆ ಪ್ರತಿ ವರ್ಷವೂ ಹೇಳಿದ್ದಳು. ಅವನು ಪ್ರತಿ ವರ್ಷವೂ ಕೈ ಬೀಸಿ, ಅದೆಲ್ಲ ನೀನೇ ನೋಡಿಕೋ ಎಂದಿದ್ದ.

ನೋಡಿಕೊಂಡೇ ಅವಳ ಅರ್ಧ ಆಯಸ್ಸು ಸವೆದಿತ್ತು. ಜನರೇಟರಿಗೆ ಡೀಸೆಲ್ ತರಿಸುವವಳು ಅವಳು. ಹವಳ ನೋಡಲು ಸಮುದ್ರದೊಳಗೆ ಮುಳುಗುವ ಅತಿಥಿಗಳ ದೋಣಿ ಯಾವಾಗ ಹೊರಡಬೇಕು, ಗಾಳಿ ತಿರುಗಿದರೆ ಯಾವ ದಂಡೆಗೆ ಹೋಗಬೇಕು ಎಂದು ಹೇಳುವವಳು ಅವಳು. ಅಡುಗೆಯವಳು ಮುನಿಸಿಕೊಂಡು ಮನೆಗೆ ಹೋದರೆ ಅವಳ ಮನೆ ಬಾಗಿಲಲ್ಲಿ ನಿಂತು ಪುಸಲಾಯಿಸಿ ಕರೆತರುವವಳೂ ಅವಳೇ. ಹಳೆಯ ಮ್ಯಾನೇಜರ್ ಕೆಲಸ ಬಿಟ್ಟು ಹೋದಾಗ ಅವನ ಕಿಟಕಿ ಪಕ್ಕದ ಮೇಜು ತನಗೇ ಬರುತ್ತದೆ ಎಂದು ಆರ್ಡಿತ್ ನಂಬಿದ್ದಳು. ಹೊಸ ಪರದೆಗೆ ಬಟ್ಟೆಯನ್ನೂ ಮನಸ್ಸಿನಲ್ಲೇ ಆರಿಸಿಟ್ಟಿದ್ದಳು. ಬಂದದ್ದು ಜೂಲಿಯನ್. ಇಂಗ್ಲೆಂಡಿನಿಂದ, ಬಿಳೀ ಪ್ಯಾಂಟು ತೊಟ್ಟು, ಗರಿಗರಿ ಇಸ್ತ್ರಿಯೊಂದಿಗೆ. ಕೆಲಸ ಕಲಿಸು ಎಂದು ಮಿಸ್ಟರ್ ಕ್ಲೈವ್ ಅವನನ್ನು ಅವಳಿಗೇ ಒಪ್ಪಿಸಿದ. ಅವಳು ಕಲಿಸಿದಳು, ಅವನು ಕಲಿಯಲಿಲ್ಲ. ಅತಿಥಿಗಳು ಬಂದಾಗ ನಗುವುದನ್ನು ಮಾತ್ರ ಅವನು ಬರುವಾಗಲೇ ಕಲಿತು ಬಂದಿದ್ದ.

ಒಂದು ವಿಷಯ ಹೇಳಬೇಕು. ಈ ಊರಿನಲ್ಲಿ ಯಾರೂ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಮೀನು ಮಾರುವವಳೂ ಮಿಸ್, ಪಾದ್ರಿಯ ಹೆಂಡತಿಯೂ ಮಿಸ್. ಮಿಸ್ಟರ್ ಕ್ಲೈವ್ ಒಬ್ಬನೇ ಅವಳನ್ನು ಬೋಳು ಬೋಳಾಗಿ ಆರ್ಡಿತ್ ಎನ್ನುತ್ತಿದ್ದ. ಅದನ್ನೂ ಅವಳು ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದಳು.

ಆ ಸಲ ಮಂಡಳಿಯಿಂದ ಮೊದಲೇ ಒಂದು ಮಾತು ಬಂದಿತ್ತು: ಈ ಕೆಲಸ ಮಾಡಬಲ್ಲವರು ದ್ವೀಪದಲ್ಲಿ ಒಬ್ಬರೂ ಇಲ್ಲವೇ? ಮಿಸ್ಟರ್ ಕ್ಲೈವ್ ಎರಡು ದಿನ ಯೋಚಿಸಿದ. ಮೂರನೆಯ ದಿನ ಬೆಳಿಗ್ಗೆ, ಮೊಟ್ಟೆಯಿಟ್ಟ ಕೋಳಿಯ ಠೀವಿಯಲ್ಲಿ ಅವಳ ಮೇಜಿನ ಮುಂದೆ ಬಂದು ನಿಂತು, ಜಾಹೀರಾತು ಟೈಪ್ ಮಾಡಿಕೋ ಎಂದ. ಅತಿಥಿಗಳ ಮ್ಯಾನೇಜರ್ ಬೇಕಾಗಿದ್ದಾರೆ. ನಗುಮೊಗ ಇರಬೇಕು. ಸಮುದ್ರದ ಅನುಭವ ಇರಬೇಕು. ಜೂಲಿಯನ್ ಯಾರದೋ ವಿಹಾರ ದೋಣಿಯಲ್ಲಿ ಒಂದು ಬೇಸಿಗೆ ಕಳೆದಿದ್ದನಲ್ಲ, ಅದಕ್ಕೆ. ಅಲ್ಲಿ ತಡೆದು, ಕಿಟಕಿಯಾಚೆ ನೋಡಿ, ಕೊನೆಯ ಸಾಲನ್ನು ನಿಧಾನವಾಗಿ ಹೇಳಿದ: ನಾರ್ವೆ ಭಾಷೆ ಸರಾಗವಾಗಿ ಬರಬೇಕು.

ಆರ್ಡಿತ್‌ಳ ಬೆರಳು ಕೀಲಿಗಳ ಮೇಲೆ ನಿಂತಿತು.

“ಚಳಿಗಾಲದಲ್ಲಿ ನಾರ್ವೆಯವರು ಬರ್ತಾರಲ್ಲ,” ಎಂದ ಮಿಸ್ಟರ್ ಕ್ಲೈವ್. “ಜೂಲಿಯನ್ ಅಲ್ಲಿ ಎರಡು ಚಳಿಗಾಲ ಇದ್ದು ಬಂದಿದಾನೆ, ಅವನಿಗೆ ಬರುತ್ತೆ. ಈ ಬಂಡೆ ಮೇಲೆ ಇನ್ಯಾರಿಗೆ ಬರುತ್ತೆ ಹೇಳು?”

ಅವಳು ಅವನ ಮುಖ ನೋಡಿದಳು. ಅಷ್ಟು ವರ್ಷ ಈ ದ್ವೀಪದಲ್ಲಿ ಉಂಡು, ಮಲಗಿ, ಎದ್ದ ಮನುಷ್ಯ. ಆಲದಷ್ಟು ಹರಡಿದ ಬಾದಾಮಿ ಮರದ ಕೆಳಗೆ ಡಾಮಿನೋ ಆಡುವ ಮುದುಕರ ಮುಂದೆ ದಿನಕ್ಕೆರಡು ಸಲ ಜೀಪಿನಲ್ಲಿ ಹಾದುಹೋಗುವ ಮನುಷ್ಯ. ಇವರು ಪ್ರಾಯದಲ್ಲಿ ಏನು ಮಾಡುತ್ತಿದ್ದರು ಎಂದು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ಅವಳಿಗೆ ಮೈ ಉರಿದುಹೋಯಿತು.

“ಯಾರಿಗೆ ಬರುತ್ತೆ, ಮಿಸ್ಟರ್ ಕ್ಲೈವ್,” ಎಂದು ಹೇಳಿ ಆ ಸಾಲನ್ನು ಒಂದಕ್ಷರ ತಪ್ಪದೆ ಟೈಪ್ ಮಾಡಿದಳು.

ಅವಳಿಗೆ ನಾರ್ವೆ ಭಾಷೆ ಬರುತ್ತಿರಲಿಲ್ಲ. ಸಮುದ್ರದ ಅನುಭವವೂ ಇರಲಿಲ್ಲ. ಹಡಗಿನವನ ಮಗಳಾಗಿಯೂ ದೋಣಿ ಹತ್ತಿದರೆ ಅವಳಿಗೆ ವಾಂತಿ. ಆ ಮೇಜಿಗೂ ತನಗೂ ನಡುವೆ ಎದ್ದ ಗೋಡೆಗೆ ತಾನೇ ಕಲ್ಲು ಹೊತ್ತು ಕೊಟ್ಟಂತಾಯಿತು ಎಂದು ಅವಳಿಗೆ ಸಂಜೆಯವರೆಗೂ ಕುದಿಯುತ್ತಲೇ ಇತ್ತು.

ಪತ್ರಿಕೆ ವಿಮಾನದಲ್ಲಿ ಬಂದಿಳಿದ ದಿನ ಅವಳು ಅದನ್ನು ಹಿಡಿದು ನೇರ ಬಾದಾಮಿ ಮರದ ಕೆಳಗೆ ಹೋದಳು. ಅವಳ ಸೋದರಮಾವ ಆರ್ಲೆನ್ ಅಲ್ಲಿದ್ದ, ಅವನ ಜೊತೆಗಾರ ಲೀಲ್ಯಾಂಡ್ ಇದ್ದ, ಉಳಿದವರೂ ಇದ್ದರು. ಅವರ ಕೇರಿಯ ಗಂಡಸರೆಲ್ಲ ಮೀಸೆ ಮೂಡುವ ಮೊದಲೇ ನಾರ್ವೆಯವರ ಎಣ್ಣೆ ಹಡಗು ಹತ್ತಿದವರು. ಇಲ್ಲಿ ಹೆಂಗಸರು ತೆಂಗು ಕೊಯ್ಯಿಸಿ, ಮಕ್ಕಳ ಬೆನ್ನಿಗೆ ಬಾರಿಸಿ, ಗಂಡನ ಪಟಕ್ಕೆ ಮುತ್ತಿಕ್ಕಿಸಿ ಸಂಸಾರ ತೂಗಿಸಿದರು. ಅಲ್ಲಿ ಇವರು ಎಂಜಿನ್ ಕೋಣೆಯಲ್ಲಿ ಬೆಂದರು. ಪ್ರತಿ ಸಲ ರಜೆ ಮುಗಿಯುವ ಹೊತ್ತಿಗೆ ಹಡಗಿನ ಕಂಪನಿಯ ತಂತಿ ಬರುತ್ತಿತ್ತು: ಇಂಥ ಬಂದರಿಗೆ ಬಾ. ಒಂದು ವರ್ಷ ತಂತಿ ಬರಲಿಲ್ಲ. ಅಷ್ಟೇ. ಬೇರೆ ಕಡೆ ಅಗ್ಗದ ಜನ ಸಿಕ್ಕಿದ್ದರು. ಬೇಡ ಎಂದೂ ಯಾರೂ ಹೇಳಲಿಲ್ಲ, ಯಾಕೆ ಬೇಡ ಎಂದಂತೂ ಹೇಳಲೇ ಇಲ್ಲ. ಅವತ್ತಿನಿಂದ ಮರದ ಕೆಳಗೆ ಡಾಮಿನೋ.

ಆರ್ಲೆನ್ ಮಾಮ ಕನ್ನಡಕ ಏರಿಸಿ ಜಾಹೀರಾತನ್ನು ಗಟ್ಟಿಯಾಗಿ ಓದಿದ. ಆಮೇಲೆ ಲೀಲ್ಯಾಂಡ್ ನಕ್ಕ, ನಗುತ್ತಾ ನಗುತ್ತಾ ಕೆಮ್ಮಿದ.

“ನಗು, ನಗು,” ಎಂದಳು ಆರ್ಡಿತ್. “ಈ ಊರಲ್ಲಿ ಇಂಥ ಗಂಡಸು ಒಬ್ಬನೂ ಇಲ್ಲ ಅಂತ ಪೇಪರಲ್ಲಿ ಹಾಕ್ಸಿದಾನೆ. ಇಲ್ಲ ಅಂತ ಅವ್ನಿಗೆ ಅಷ್ಟು ಧೈರ್ಯ. ನಿಮ್ಮನ್ನ ನೋಡಿದ್ರೆ ನಂಗೂ ಹಾಗೇ ಅನ್ಸುತ್ತೆ. ನಾಲಿಗೆಗೂ ತುಕ್ಕು ಹಿಡೀತೋ ಏನೋ.”

“ಅದನ್ನ ಟೈಪ್ ಮಾಡ್ದೋರು ಯಾರು ತಾಯಿ?” ಎಂದು ಆರ್ಲೆನ್ ಮಾಮ ಕೇಳಿದ.

ಮಾಮ ಕೆಣಕುವುದರಲ್ಲಿ ನಿಸ್ಸೀಮ, ಆದರೆ ಈ ಸಲ ಕೆಣಕಲು ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವನು ಪತ್ರಿಕೆ ಮಡಿಸಿದ.

“ಆ ಮೇಜು ನಿಂದು ಅಂತ ಊರಿಗೆಲ್ಲ ಗೊತ್ತು,” ಎಂದ. “ನಮಗೆ ಕೆಲಸ ಬೇಡ ಮಗಳೇ. ಮಂಡಿ ಹೋಗಿದೆ. ಆದ್ರೆ ಬೇಡ ಅಂದ್ರೆ ಯಾಕೆ ಬೇಡ ಅಂತ ಬರ್ದು ಕೊಡ್ಬೇಕು ಅಂತ ಯಾವಾಗ್ಲೂ ಅಂತಿರ್ತೀಯಲ್ಲ, ಅದು ನಿಜಾನಾ?”

“ನಿಜ. ಒಬ್ಬೊಬ್ಬರಿಗೂ.”

“ಹಾಗಾದ್ರೆ ಕೇಳ್ಕೊಂಡು ಬರೋಣ,” ಎಂದ ಆರ್ಲೆನ್ ಮಾಮ. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬೇಡ ಎನ್ನಲಿಲ್ಲ.

ಹಡಗಿಗೆ ಸೇರಲು ಹೋಗುವುದಕ್ಕೆ ಅವರಲ್ಲಿ ಒಂದು ಕ್ರಮವಿದೆ. ಚರ್ಚಿಗೆ ಹಾಕುವ ಕರೀ ಸೂಟು ಹಾಕಬೇಕು. ಯಾವ ಯಾವ ಹಡಗಿನಲ್ಲಿ ದುಡಿದೆ ಎಂಬುದರ ಪುಸ್ತಕವನ್ನು ಮೇಣಬಟ್ಟೆಯಲ್ಲಿ ಸುತ್ತಿ ಎದೆ ಜೇಬಿನಲ್ಲಿ ಇಡಬೇಕು. ಕರೆಯುವ ತನಕ ಕೂರಬಾರದು. ಹೀಗೆ ಒಂದು ಬೆಳಿಗ್ಗೆ ಮಿಸ್ಟರ್ ಕ್ಲೈವ್ ತಿಂಡಿಗೆಂದು ವರಾಂಡಕ್ಕೆ ಬಂದರೆ, ಒಂದಿಡೀ ಹಡಗು ನಡೆಸುವಷ್ಟು ಮುದುಕರು ಗೋಡೆಗುಂಟ ಸಾಲಾಗಿ ನಿಂತಿದ್ದರು. ಯಾರೋ ಸತ್ತರೆಂದು ಅವನು ತಿಳಿದ.

“ಯಾರ ಮಣ್ಣು?” ಎಂದು ಆರ್ಡಿತ್‌ಳನ್ನು ಪಿಸುಗುಟ್ಟಿ ಕೇಳಿದ.

“ಸಂದರ್ಶನಕ್ಕೆ ಬಂದಿದಾರೆ, ಮಿಸ್ಟರ್ ಕ್ಲೈವ್. ನಾರ್ವೆ ಭಾಷೆ ಬಲ್ಲವರು.”

ಅವನು ನಂಬಲಿಲ್ಲ. ಇವರೆಲ್ಲ ಸೇರಿ ತನ್ನ ಕಿವಿಗೆ ಹೂವಿಡಲು ಬಂದಿದ್ದಾರೆ, ಜೂಲಿಯನ್ ಎರಡು ಮಾತು ಕೇಳಿದರೆ ಬಣ್ಣ ಬಯಲಾಗುತ್ತದೆ ಎಂದುಕೊಂಡ. ಅಲ್ಲೇ ವರಾಂಡದಲ್ಲಿ, ತಿಂಡಿ ತಿನ್ನುತ್ತಿದ್ದ ಅತಿಥಿಗಳ ಎದುರಿಗೇ, ಎಲ್ಲರೂ ನೋಡಲಿ ಎಂಬ ಹುರುಪಿನಲ್ಲಿ ಮೇಜು ಹಾಕಿಸಿದ. ಜೂಲಿಯನ್ ಬಂದು ಕೂತ. ಅವನ ಮುಖ ಪ್ಯಾಂಟಿಗಿಂತ ಬೆಳ್ಳಗಾಗಿದ್ದುದನ್ನು ಆರ್ಡಿತ್ ಗಮನಿಸಿದಳು. ಮಿಸ್ಟರ್ ಕ್ಲೈವ್ ಗಮನಿಸಲಿಲ್ಲ.

ಮೊದಲು ಆರ್ಲೆನ್ ಮಾಮ ಮುಂದೆ ಬಂದು ಹ್ಯಾಟು ತೆಗೆದು ಕಂಕುಳಲ್ಲಿಟ್ಟುಕೊಂಡ. ಜೂಲಿಯನ್ ಗಂಟಲು ಸರಿಮಾಡಿಕೊಂಡು ನಾರ್ವೆ ಭಾಷೆಯಲ್ಲಿ ನಮಸ್ಕಾರ ಎಂದ. ಮಾಮ ತಿರುಗಿ ನಮಸ್ಕಾರ ಹೇಳಿ, ಒಂದು ಪ್ರಶ್ನೆ ಕೇಳಿದ. ಜೂಲಿಯನ್ ಹೌದು ಎಂದ. ಮಾಮ ಹುಬ್ಬೇರಿಸಿ ಅದೇ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಕೇಳಿದ. ಜೂಲಿಯನ್ ಮತ್ತೆ ಹೌದು ಎಂದ, ಈ ಸಲ ನಗುಮೊಗದಿಂದ.

“ಏನಂತೆ?” ಎಂದ ಮಿಸ್ಟರ್ ಕ್ಲೈವ್.

“ಇವತ್ತು ಹವಾಮಾನ ಚೆನ್ನಾಗಿದೆ ಅಂತಿದಾರೆ,” ಎಂದ ಜೂಲಿಯನ್.

ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಹೆಂಗಸೊಬ್ಬಳಿಗೆ ನೆತ್ತಿಗೇರಿತು. ಅವಳು ಬೆರ್ಗೆನ್ ಊರಿನ ಹಲ್ಲಿನ ಡಾಕ್ಟರು, ಪ್ರತಿ ಚಳಿಗಾಲವೂ ಮುಳುಗಲು ಬರುವವಳು. ಕಾಫಿ ಮೂಗಿನಿಂದ ಬರುವಷ್ಟು ನಕ್ಕು, ಕರವಸ್ತ್ರದಿಂದ ಮುಖ ಒರೆಸಿಕೊಂಡು, ಕ್ಷಮಿಸಿ ಎಂದಳು. ಮಿಸ್ಟರ್ ಕ್ಲೈವ್ ಬಹಳ ಮರ್ಯಾದೆಯಿಂದ, ಈ ಮುದುಕ ಆಡಿದ್ದು ನಿಜವಾಗಿ ನಾರ್ವೆ ಭಾಷೆಯೇ ಎಂದು ಅವಳನ್ನು ಕೇಳಿದ.

“ನಮ್ಮಜ್ಜ ಹೀಗೇ ಮಾತಾಡ್ತಿದ್ರು,” ಎಂದಳು ಅವಳು. “ನಿನ್ನ ಪ್ಯಾಂಟಿಗೆ ಇಸ್ತ್ರಿ ಹಾಕೋದು ನಿನ್ನಮ್ಮನೋ ನಿನ್ನ ಮಾವನೋ ಅಂತ ಅವರು ಈ ಹುಡುಗನ್ನ ಕೇಳಿದ್ರು. ಇವನು ಹೌದು ಅಂದ. ಪಾಪ, ಅವರು ಇನ್ನೊಂದು ಸಲ ಕೇಳಿದ್ರು. ಇವನು ಇನ್ನೊಂದು ಸಲ ಹೌದು ಅಂದ.”

ಅಲ್ಲಿಗೆ ಸಂದರ್ಶನ ಮಿಸ್ಟರ್ ಕ್ಲೈವ್‌ನ ಕೈಬಿಟ್ಟು ಹೋಯಿತು. ಹಲ್ಲಿನ ಡಾಕ್ಟರು ಕುರ್ಚಿ ಎಳೆದುಕೊಂಡು ಮುದುಕರ ನಡುವೆ ಕೂತು, ನೀವೂ ಕೂತುಕೊಳ್ಳಿ ಎಂದು ಕರೆದಳು. ಕ್ರಮದ ಪ್ರಕಾರ ಅವಳು ಕರೆದಳಲ್ಲ, ಅದಕ್ಕೆ ಅವರೂ ಕೂತರು. ಲೀಲ್ಯಾಂಡ್ ಎಂಜಿನ್ ಕೋಣೆಯಲ್ಲಿ ಕಲಿತ ಬೈಗುಳವನ್ನೆಲ್ಲ ಒಂದೊಂದಾಗಿ ಹೊರತೆಗೆದ. ಕೆಲವನ್ನು ತಾನು ಈವರೆಗೆ ಕೇಳಿಯೇ ಇಲ್ಲ, ಕೆಲವನ್ನು ತಿಂಡಿಯ ಮೇಜಿನಲ್ಲಿ ಅರ್ಥ ಹೇಳಲಾರೆ ಎಂದು ಅವಳು ಕೆಂಪಾಗಿ ನಕ್ಕಳು. ಅಡುಗೆಯವಳು ಯಾರೂ ಹೇಳದೆಯೇ ಹುರಿದ ಬ್ರೆಡ್‌ಫ್ರೂಟು ಎಂಬ ದೀವಿಹಲಸು, ತೆಂಗಿನ ಹಾಲಿನಲ್ಲಿ ಬೆಂದ ಮೀನು ತಂದು ಬಡಿಸಿದಳು. ಜೂಲಿಯನ್ ಯಾವಾಗ ಎದ್ದು ಹೋದನೋ ಯಾರೂ ನೋಡಲಿಲ್ಲ. ಆ ದೇಶದಲ್ಲಿ ಎರಡು ಚಳಿಗಾಲವೂ ಅವನು ಇಂಗ್ಲಿಷ್ ಪ್ರವಾಸಿಗಳಿಗೆ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಿದ್ದನಂತೆ. ಕಲಿಸಿದ್ದು ಇಂಗ್ಲಿಷಿನಲ್ಲೇ. ಇದು ಆಮೇಲೆ ತಿಳಿಯಿತು.

ಮುದುಕರು ಕೈತೊಳೆದು ಹೋದ ಮೇಲೆ ಮಿಸ್ಟರ್ ಕ್ಲೈವ್ ಆಫೀಸಿಗೆ ಬಂದ. ಇಂಗು ತಿಂದ ಮಂಗನ ಮುಖ. ಎಲ್ಲರಿಗೂ ಬೇಡ ಎಂದು ಬರೆದು ಕಳಿಸು ಎಂದ. ಆರ್ಡಿತ್ ಕಾಗದ ಸಿಕ್ಕಿಸಿ, ಯಾಕೆ ಬೇಡ ಎಂದು ಕೇಳಿದಳು. ವಯಸ್ಸಾಯಿತು ಎಂದು ಹಾಕು ಎಂದ. ಜಾಹೀರಾತಿನಲ್ಲಿ ವಯಸ್ಸಿನ ಮಾತೇ ಇಲ್ಲವಲ್ಲ ಎಂದಳು. ಅನುಭವ ಸಾಲದು ಎಂದ. ಸಮುದ್ರದ ಅನುಭವ ಎಂದು ನೀವೇ ಹಾಕಿಸಿದ್ದು, ಅವರು ಸುತ್ತದ ಸಮುದ್ರ ಯಾವುದು ಎಂದಳು. ಅವನು ಬಾಯಿ ತೆರೆದು ಭಾಷೆ ಎನ್ನಲು ಹೋಗಿ ಅಲ್ಲಿಗೇ ನುಂಗಿಕೊಂಡ.

“ಇನ್ನೊಂದು ವಿಷಯ ಇದೆ,” ಎಂದಳು ಆರ್ಡಿತ್. ಅವಳಿಗೆ ಈಗ ಸ್ವಲ್ಪವೂ ಮರುಕವಿರಲಿಲ್ಲ, ಅದನ್ನು ಮುಚ್ಚಿಡಲೂ ಹೋಗಲಿಲ್ಲ. “ಮಂಡಳಿ ಅಧ್ಯಕ್ಷರೂ ಹಳೇ ಹಡಗಿನವರೇ. ಆರ್ಲೆನ್ ಮಾಮನ ಜೊತೆ ಒಂದೇ ಎಂಜಿನ್ ಕೋಣೆ. ಜೂಲಿಯನ್‌ನ ಕರೆಸಿ ನಾರ್ವೆ ಭಾಷೇಲಿ ಎರಡು ಮಾತಾಡಿಸ್ಬಹುದು.”

ಮಿಸ್ಟರ್ ಕ್ಲೈವ್ ಕಿಟಕಿಯಾಚೆ ನೋಡಿದ. ಅಲ್ಲಿ ಉಡ ಒಂದು ಊಟದ ಮೇಜಿನ ಕೆಳಗೆ ಬ್ರೆಡ್‌ಫ್ರೂಟಿನ ಚೂರು ಮೆಲ್ಲುತ್ತಿತ್ತು. ಕೊನೆಗೆ, ಜಾಹೀರಾತಿನಲ್ಲಿ ತಪ್ಪಾಗಿತ್ತು, ಹಿಂದಕ್ಕೆ ಪಡೆದಿದ್ದೇವೆ ಎಂದು ಬರೆ ಎಂದ. ಅದು ಕಾನೂನಿಗೆ ಒಪ್ಪುವ ಕಾರಣ. ಆರ್ಡಿತ್ ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆಯಾಗಿ ಟೈಪ್ ಮಾಡಿದಳು, ತಪ್ಪು ನಮ್ಮ ಕಂಪನಿಯದೇ ಹೊರತು ನಿಮ್ಮದಲ್ಲ ಎಂಬ ಸಾಲನ್ನು ತಾನೇ ಸೇರಿಸಿದಳು. ಅವನು ಓದದೆಯೇ ಸಹಿ ಹಾಕಿದ. ಆ ಕಾಗದವನ್ನು ಲೀಲ್ಯಾಂಡ್ ಇವತ್ತಿಗೂ ಮೇಣಬಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ. ಅಷ್ಟು ವರ್ಷ ಕಾದ ಮೇಲೆ ಯಾವುದೋ ಒಂದು ಕಂಪನಿ ಅವನಿಗೆ ಉತ್ತರ ಕೊಟ್ಟಿತ್ತು.

ಇನ್ನು ಹೊಸ ಜಾಹೀರಾತು. ಪರವಾನಗಿಯ ಗಡುವು ಹತ್ತಿರ ಬಂದಿತ್ತು, ಪತ್ರಿಕೆಗೆ ಹೋಗುವ ಚೀಲ ಮಧ್ಯಾಹ್ನದ ವಿಮಾನಕ್ಕೆ ಏರಬೇಕಿತ್ತು.

“ಈ ಸಲ ಭಾಷೆ ಗೀಷೆ ಏನೂ ಬೇಡ,” ಎಂದ ಮಿಸ್ಟರ್ ಕ್ಲೈವ್. “ಜೂಲಿಯನ್ ಏನು ಮಾಡ್ತಾನೋ ಅದನ್ನ ಬರೆ, ಸಾಕು.”

“ಹೇಳಿ,” ಎಂದು ಆರ್ಡಿತ್ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕೂತಳು.

“ಅತಿಥಿಗಳನ್ನ ಬರಮಾಡ್ಕೊಳ್ಳೋದು.”

ಅವಳು ಟೈಪ್ ಮಾಡಿದಳು. ಯಂತ್ರ ನಿಂತಿತು. ಅವನು ಕೋಣೆಯ ಈ ಕಡೆಯಿಂದ ಆ ಕಡೆಗೆ ನಡೆದ, ಕಿಟಕಿ ಪಕ್ಕದ ಖಾಲಿ ಮೇಜಿನ ಮುಂದೆ ನಿಂತ. ಮೇಜಿನ ಮೇಲೆ ಒಂದು ಬಿಸಿಲು ಕನ್ನಡಕ ಇತ್ತು, ಇನ್ನೇನೂ ಇರಲಿಲ್ಲ.

“ಅತಿಥಿಗಳನ್ನ ಬೀಳ್ಕೊಡೋದು,” ಎಂದ.

ಅದನ್ನೂ ಟೈಪ್ ಮಾಡಿದಳು. ಇಷ್ಟೇ ಬರೆದು ಕಳಿಸಿದರೆ, ಈ ಕೆಲಸಕ್ಕೆ ಮನುಷ್ಯರೇ ಬೇಡ, ಬಾಗಿಲಿಗೆ ಒಂದು ಗಂಟೆ ಕಟ್ಟಿ ಎಂದು ಮಂಡಳಿಯವರು ಹೇಳುತ್ತಾರೆ. ಅದು ಅವನಿಗೂ ಹೊಳೆಯಿತು.

“ಇನ್ನೂ ಏನೇನೋ ಇದೆಯಲ್ಲ. ಡೀಸೆಲ್ ತರ್ಸೋದು ಯಾರು?”

“ಹೇಳಿ, ಮಿಸ್ಟರ್ ಕ್ಲೈವ್. ಯಾರು?”

“ಯಾರಾದ್ರೂ ಆಗ್ಲಿ, ಹಾಕು. ದೋಣಿ ಹೊರಡ್ಸೋದು, ಅದನ್ನೂ ಹಾಕು. ಕೆಲಸದವರನ್ನ ನೋಡ್ಕೊಳ್ಳೋದು. ಅಡುಗೆಯವಳನ್ನ ಸಮಾಧಾನ ಮಾಡೋದು. ಆ ಪರವಾನಗಿ ಕಾನೂನೆಲ್ಲ ಗೊತ್ತಿರ್ಬೇಕು ಅಂತ ಹಾಕು, ಆಗ ಯಾರೂ ಬರಲ್ಲ.”

ಅವನು ಹೇಳುತ್ತಾ ಹೋದ, ಅವಳು ಟೈಪ್ ಮಾಡುತ್ತಾ ಹೋದಳು. ಒಂದು ಮಾತನ್ನೂ ಅವಳು ನೆನಪಿಸಿ ಕೊಡಲಿಲ್ಲ, ಒಂದನ್ನೂ ಬಿಡಲಿಲ್ಲ. ಕೊನೆಗೆ ಹಾಳೆ ಎಳೆದು ಅವನ ಕೈಗಿತ್ತಳು. ಅವನು ನಿಂತೇ ಓದಿದ. ಮೊದಲ ಸಲ ಬೇಗ ಓದಿದ, ಎರಡನೆಯ ಸಲ ನಿಧಾನವಾಗಿ ಓದಿದ. ಆಮೇಲೆ ಹಾಳೆಯ ಅಂಚಿನ ಮೇಲಿಂದ ಅವಳನ್ನು ನೋಡಿದ. ಇಷ್ಟು ವರ್ಷ ಅವಳ ಕಡೆ ಹಾಗೆ ನೋಡಿದ್ದೇ ಇಲ್ಲ.

“ಇದು ನೀನೇ ಅಲ್ವಾ,” ಎಂದ.

“ಹೌದು,” ಎಂದಳು ಆರ್ಡಿತ್. “ಇವತ್ತು ಗೊತ್ತಾಯ್ತಾ?”

ಹೊರಗೆ ವಿಮಾನ ನಿಲ್ದಾಣಕ್ಕೆ ಹೋಗುವ ವ್ಯಾನು ಹಾರ್ನು ಬಾರಿಸಿತು. ಸಹಿ ಹಾಕಿದರೆ ಕೆಲಸ ಅವಳದು. ಹಾಕದಿದ್ದರೆ ಜೂಲಿಯನ್ ಮಾಡುವುದು ಏನೂ ಇಲ್ಲ ಎಂದು ಮಂಡಳಿಗೆ ತಾನೇ ಬರೆದುಕೊಡಬೇಕು. ಅವನು ಪೆನ್ನಿಗಾಗಿ ಜೇಬು ತಡಕಿದ. ಅವಳು ತನ್ನ ಪೆನ್ನು ಕೊಟ್ಟಳು.

ಜಾಹೀರಾತು ಬಂದ ದಿನವೇ ಅವಳು ಅರ್ಜಿ ಕೊಟ್ಟಳು. ಬೇರೆ ಯಾರೂ ಕೊಡಲಿಲ್ಲ. ಊರಿನಲ್ಲಿ ಕೆಲಸವಿಲ್ಲದವರು ಇರಲಿಲ್ಲವೆಂದಲ್ಲ, ಆದರೆ ಆ ಮೇಜು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಬೇಡ ಎನ್ನಲು ಮಿಸ್ಟರ್ ಕ್ಲೈವ್‌ಗೆ ಒಂದು ಕಾರಣವೂ ಸಿಗಲಿಲ್ಲ. ಮಂಡಳಿಯವರು ಸಂತೋಷ ಎಂದು ಬರೆದರು.

ಅವಳು ಕಿಟಕಿಗೆ ಹೊಸ ಪರದೆ ಹಾಕಿದ ದಿನ ಅವನು ಬಾಗಿಲಿನಲ್ಲಿ ಬಂದು ನಿಂತ. ಒಳಗೆ ಬರಲೋ ಬೇಡವೋ ಎಂಬಂತೆ ನಿಂತ.

“ಮಿಸ್ ಆರ್ಡಿತ್,” ಎಂದ. ಆ ಮಾತು ಅವನ ಬಾಯಲ್ಲಿ ಬಿಸಿ ಗೆಣಸಿನಂತೆ ಹೊರಳಿತು. “ನಿಮ್ಮ ಹಳೇ ಕುರ್ಚಿ ಖಾಲಿ ಇದೆಯಲ್ಲ. ಜೂಲಿಯನ್ ಅಲ್ಲಿ ಕೂತ್ಕೊಂಡು, ನಿಮ್ಮ ಕೈಕೆಳಗೆ, ಏನಾದ್ರೂ...”

ಆರ್ಡಿತ್ ಪರದೆಯ ಮಡಿಕೆ ಸರಿಮಾಡಿ ಮುಗಿಸಿದಳು. ಆಮೇಲೆ ಮೇಜಿಗೆ ಬಂದು ಕೂತು, ಒಂದು ಬಿಳೀ ಹಾಳೆ ತೆಗೆದು ಯಂತ್ರಕ್ಕೆ ಸಿಕ್ಕಿಸಿದಳು.

“ಮೊದ್ಲು ಪೇಪರಿಗೆ ಹಾಕ್ಬೇಕು, ಮಿಸ್ಟರ್ ಕ್ಲೈವ್,” ಎಂದಳು. “ಹೇಳಿ. ಯಾವ ಭಾಷೆ ಬರ್ಬೇಕು ಅಂತ ಹಾಕ್ಲಿ?”